ಒಂದು ಬಂಡೆಸಂದು, ಇನ್ನೂರೂ ತುಂಬದ ಬಾವಲಿ: ಕೋಲಾರದ ಹನುಮನಹಳ್ಳಿ ಪ್ರಕರಣ

ನಮ್ಮ ಜಿಲ್ಲೇಲಿ ಮಾತ್ರ ಇದ್ದು ಭೂಮಿ ಮೇಲೆ ಇನ್ನೆಲ್ಲೂ ಇಲ್ಲದ ಪ್ರಾಣಿ ಯಾವ್ದು ಹೇಳ್ರಪ್ಪಾ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದಿನ ಕೇಳಿದೆ. ನವಿಲು ಅಂದ್ರು, ಚಿರತೆ ಅಂದ್ರು, ಕೃಷ್ಣಮೃಗ ಅಂತ ಒಬ್ಬಳು ಅಂದ್ಲು. ಬಾವಲಿ ಅಂತ ನಾನು ಹೇಳಿದಾಗ ಅರ್ಧ ಕ್ಲಾಸು ಮುಖ ಸಿಂಡರಿಸ್ತು. ಅವರ ತಪ್ಪಲ್ಲ ಬಿಡಿ, ಆ ವಯಸ್ಸಲ್ಲಿ ನಾನೂ ಹಂಗೇ ಇದ್ದೆ, ಈ ಪ್ರಾಣಿ ಬಗ್ಗೆ ನಮ್ಮ ಮನೇಲಿ ನಮಗ್ಯಾರೂ ಒಂದು ಒಳ್ಳೆ ಮಾತು ಹೇಳಿದ್ದೇ ಇಲ್ಲ.

ಆ ಬಾವಲಿ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನದ ಹೆಸರು ಹಿಪ್ಪೊಸಿಡೆರೊಸ್ ಹೈಪೊಫಿಲ್ಲಸ್. ತೂಕ ಹತ್ತು ಗ್ರಾಂ ಆಸುಪಾಸು. 1994ರಲ್ಲಿ ಡೀಟರ್ ಕಾಕ್ ಅನ್ನೋ ಜರ್ಮನಿಯ ವಿಜ್ಞಾನಿ ಮತ್ತೆ ನಮ್ಮ ದೇಶದ ಎಚ್.ಆರ್. ಭಟ್ ಇಬ್ರೂ ಸೇರಿ ಇದನ್ನ ಹೊಸ ಜಾತಿ ಅಂತ ಲೋಕಕ್ಕೆ ತಿಳಿಸಿದ್ರು, ಅದಕ್ಕೆ ಆಧಾರ ಆಗಿದ್ದು ಕೋಲಾರ ಜಿಲ್ಲೆಯ ಹನುಮನಹಳ್ಳಿ ಮತ್ತೆ ತೇರಹಳ್ಳಿ, ಈ ಎರಡು ಊರಲ್ಲಿ ಸಿಕ್ಕ ಬಾವಲಿಗಳು. ಇಪ್ಪತ್ತು ವರ್ಷ ಆದ್ಮೇಲೆ ಹೈದರಾಬಾದಿನ ಉಸ್ಮಾನಿಯಾ ಯೂನಿವರ್ಸಿಟಿಯವರು ಬಂದು ಮತ್ತೆ ಹುಡುಕಿದ್ರು. ತೇರಹಳ್ಳೀಲಿ ಸಿಗಲಿಲ್ಲ. ಹನುಮನಹಳ್ಳೀಲಿ ಒಂದು ಗವಿ ಒಳಗೆ ಮಾತ್ರ ಇದ್ವು, ಇನ್ನೂರೂ ತುಂಬಲಿಲ್ಲ. 2016ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಕಟ್ಟಕಡೆ ಮೆಟ್ಟಿಲಿಗೆ ಇದನ್ನ ಸೇರಿಸಿದ್ರು, ಅದಾದ್ಮೇಲೆ ಉಳಿಯೋದು ಕಾಡಲ್ಲಿಲ್ಲ, ಪೂರ್ತಿ ಇಲ್ಲ ಅನ್ನೋ ಎರಡೇ ಮೆಟ್ಟಿಲು.

ಹೋಲಿಕೆಗೆ ಒಂದು ಮಾತು. 2022ರ ಹುಲಿ ಎಣಿಕೆಯಲ್ಲಿ ಕರ್ನಾಟಕದಲ್ಲೇ 563 ಹುಲಿ ಅಂತ ಬಂತು, ದೇಶದಲ್ಲಿ 3,682. ಹುಲಿ ಕಡಿಮೆಯಾಯ್ತು ಅಂತ ಇಡೀ ದೇಶ ಐವತ್ತು ವರ್ಷದಿಂದ ದುಡ್ಡು ಸುರೀತಾ ಇದೆ, ಸುರೀಲೇಬೇಕು, ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಹುಡುಕಾಟದ ಲೆಕ್ಕದಲ್ಲಿ ಪ್ರಪಂಚದಲ್ಲೆಲ್ಲಾ ಸೇರಿಸಿದ್ರೂ ಇನ್ನೂರು ದಾಟದ ಒಂದು ಜೀವ ನಮ್ಮೂರಿಂದ ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ಇದೆ ಅನ್ನೋದು ನಮ್ಮ ಜಿಲ್ಲೆಯ ಜನಕ್ಕೇ ಗೊತ್ತಿಲ್ಲ, ಅದಕ್ಕೇ ಈ ಪ್ರಕರಣ ಪೂರ್ತಿ ಬಿಡಿಸಿ ಬರೀಬೇಕು ಅನ್ನಿಸ್ತು.

ಮೊದಲು ಗವಿ ವಿಷಯ, ಯಾಕಂದ್ರೆ ಎಲ್ಲಾ ನಿಂತಿರೋದು ಅದ್ರ ಮೇಲೆ. ಮೇಘಾಲಯದ ಕಡೆ ಗುಹೆಗಳು ಸುಣ್ಣಕಲ್ಲಿನವು, ಮಳೆನೀರು ಕಲ್ಲನ್ನೇ ಕರಗಿಸ್ಕೊಂಡು ಹೋಗಿ ಮೈಲಿಗಟ್ಟಲೆ ಸುರಂಗ ಆಗ್ತದೆ. ನಮ್ಮದು ಗ್ರಾನೈಟು ಮತ್ತೆ ನೈಸ್ ಅನ್ನೋ ಜಾತಿ ಕಲ್ಲು, 250 ಕೋಟಿ ವರ್ಷದ ಆಸುಪಾಸಿನದು, ನೀರಿಗೆ ಹಂಗೆಲ್ಲಾ ಕರಗಲ್ಲ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಪದರ ಪದರ ಬಿರುಕು ಬಿಡ್ತದೆ, ಬಿರುಕಿಗೆ ನೀರಿಳಿದು ಒಳಗಿನ ಮಣ್ಣು ಕೊಚ್ಚಿಕೊಂಡು ಹೋಗ್ತದೆ, ಬಂಡೆ ಮೇಲೆ ಬಂಡೆ ಒರಗಿ ನಡುವೆ ಒಂದು ಪೊಳ್ಳು ಉಳೀತದೆ. ಅದೇ ನಮ್ಮ ಕಡೆ ಗವಿ. ಎಲ್ಲಾ ಗುಡ್ಡದಲ್ಲೂ ಇರಲ್ಲ, ಇದ್ರೂ ಬಾವಲಿಗೆ ಆಗಿಬರೋ ಥರದ್ದು ಅಪರೂಪ. ಒಳಗೆ ಹಗಲು ರಾತ್ರಿ ಶಾಖ ಹೆಚ್ಚು ಏರಿಳಿತ ಇಲ್ದೆ ಇರಬೇಕು, ಗಾಳೀಲಿ ತೇವ ಇರಬೇಕು, ಯಾಕಂದ್ರೆ ಅಷ್ಟಗಲ ತೆಳ್ಳನೆ ರೆಕ್ಕೆಯಿಂದ ಮೈಯ ನೀರು ಬೇಗ ಆರಿಹೋಗ್ತದೆ, ಕತ್ತಲಿರಬೇಕು, ಬೆಕ್ಕು ಹಾವು ಸುಲಭವಾಗಿ ಹತ್ತದಂಥ ಸೂರು ಬೇಕು. ಇಷ್ಟೂ ಒಂದೇ ಕಡೆ ಸಿಗೋದಕ್ಕೆ ಕೋಟಿಗಟ್ಟಲೆ ವರ್ಷ ಹಿಡಿದಿದೆ, ಮನುಷ್ಯ ಸಿಮೆಂಟಲ್ಲಿ ಕಟ್ಟಿ ಕೊಡೋ ಸಾಮಾನಲ್ಲ ಅದು.

ನಾನು ಹುಟ್ಟಿದ ಊರು ಹನುಮನಹಳ್ಳಿ ಅಲ್ಲ, ಇದೇ ಜಿಲ್ಲೆಯ ಇನ್ನೊಂದು ಹಳ್ಳಿ, ನಮ್ಮೂರ ಹಿಂದೇನೂ ಒಂದು ಗುಡ್ಡ ಇತ್ತು. ಅದ್ರ ಸಂದೊಳಗೆ ಕಣ್ಕಪ್ಪಡಿ, ಅಂದ್ರೆ ಬಾವಲಿ, ಇರೋವು. ಅಕ್ಕಪಕ್ಕದ ತೆಲುಗು ಮನೆಗಳವರು ಗಬ್ಬಿಲಂ ಅನ್ನೋರು. ಚಿಕ್ಕಂದಿನಲ್ಲಿ ನಾವು ಒಣಗಿದ ಬೋದೆ ಹುಲ್ಲು ಸುತ್ತಿ ಬೆಂಕಿ ಹಚ್ಚಿ ಸಂದಿಗೆ ಹೊಗೆ ಹಾಕ್ತಿದ್ವಿ, ಅವು ಬುರ್ರಂತ ಹೊರಗೆ ಬರೋದು ನೋಡೋಕೆ. ಒಂದು ಸಲ ನೆಲಕ್ಕೆ ಬಿದ್ದ ಒಂದನ್ನ ಹತ್ತಿರದಿಂದ ನೋಡಿದೀನಿ, ಮೂಗಿನ ಮೇಲೆ ಒಣ ಹೂವಿನ ಎಸಳು ಮಡಚಿ ಅಂಟಿಸಿದಂಗೆ ಒಂದು ಚರ್ಮ, ಅದು ಉಸಿರಿಗೆ ಅಲ್ಲಾಡ್ತಾ ಇತ್ತು, ಎದೆಗೆ ಹೆಬ್ಬೆರಳ ಗಾತ್ರದ ಬೆತ್ತಲೆ ಮರಿಯೊಂದು ಕಚ್ಕೊಂಡಿತ್ತು. ತಾಯಿ ಹಾರೋಕೆ ನೋಡ್ತು, ಆಗಲಿಲ್ಲ. ಆಮೇಲೆ ಏನಾಯ್ತು ಅಂತ ನಾವು ನೋಡೋಕೆ ನಿಲ್ಲಲಿಲ್ಲ. ಆ ಎಲೆ ಥರದ ಚರ್ಮ ಏನಕ್ಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಈ ಗುಂಪಿನ ಬಾವಲಿಗಳು ಬಾಯಿಂದಲ್ಲ, ಮೂಗಿಂದ ಸದ್ದು ಬಿಡ್ತವೆ. ನಮ್ಮ ಕಿವಿಗೆ ಹೆಚ್ಚಂದ್ರೆ 20 ಕಿಲೋಹರ್ಟ್ಜ್ ತನಕ ಕೇಳಿಸ್ತದೆ, ಅವುಗಳದ್ದು ಅದಕ್ಕಿಂತ ಎಷ್ಟೋ ಮೇಲೆ. ಆ ಮೂಗಿನೆಲೆ ಸದ್ದನ್ನ ಟಾರ್ಚ್ ಬೆಳಕಿನ ಥರ ಒಂದು ಕಡೆಗೆ ಒಟ್ಟುಮಾಡಿ ಬಿಡ್ತದೆ, ಹುಳಕ್ಕೆ ತಾಗಿ ವಾಪಸ್ ಬಂದ ಸದ್ದಲ್ಲಿ ಅದಕ್ಕೆ ಹುಳ ಎಲ್ಲಿದೆ, ರೆಕ್ಕೆ ಬಡೀತಿದ್ಯಾ ಎಲ್ಲಾ ಗೊತ್ತಾಗ್ತದೆ.

ಈಗ ಪ್ರಕೃತಿಯ ಲೆಕ್ಕಕ್ಕೆ ಬರೋಣ. ಇಲಿ ಥರ ಇದೆ ಅಲ್ವಾ, ಇಲಿ ಥರಾನೇ ಹೆತ್ತು ಗುಡ್ಡೆ ಹಾಕ್ತದೆ ಅಂತ ಜನ ಅಂದ್ಕೋತಾರೆ. ತಪ್ಪು. ಇಲಿ ಒಂದು ಸೂಲಲ್ಲಿ ಆರೆಂಟು ಮರಿ ಹಾಕಿ ವರ್ಷಕ್ಕೆ ಹಲವು ಸಲ ಹೆರ್ತದೆ, ಎಲೆಮೂಗಿನ ಬಾವಲಿ ಹೆರೋದು ವರ್ಷಕ್ಕೊಂದು ಸಲ, ಅದೂ ಒಂದೇ ಮರಿ. ಅದನ್ನ ಎದೆಗೆ ಕಟ್ಕೊಂಡೇ ಹಾಲು ಕುಡಿಸಿ ಬೆಳೆಸ್ತದೆ. ಸುಮ್ನೆ ಲೆಕ್ಕಕ್ಕೆ ತಗೊಳ್ಳಿ, 180 ಬಾವಲಿ ಇವೆ, ಅರ್ಧ ಹೆಣ್ಣು, ಅದ್ರಲ್ಲಿ ಎಳೇವು ಮುದುಕಿ ಕಳೆದು 60 ಹೆಣ್ಣು ಮರಿ ಹಾಕಿದ್ವು ಅಂತ ಇಟ್ಕೊಳ್ಳಿ, 60 ಮರಿ. ಮೊದಲ ವರ್ಷಾನೇ ಅದ್ರಲ್ಲಿ ಬಹಳಷ್ಟು ಹೋಗ್ತವೆ. ಉಳಿದಿದ್ದು ವಯಸ್ಸಾಗಿ ಸತ್ತಿದ್ದಕ್ಕೆ ಸರಿಹೋಗ್ತದೆ ಅಷ್ಟೆ, ಒಳ್ಳೆ ಮಳೆ ಬಂದು ಹುಳ ಹೆಚ್ಚಾದ ವರ್ಷ ನಾಲ್ಕು ಜಾಸ್ತಿ ಆಗ್ಬೋದು, ಬರಗಾಲದ ವರ್ಷ ತಾಯಿಗೇ ಹೊಟ್ಟೆಗಿಲ್ದೆ ಹಾಲು ಬತ್ತಿ ಎಂಟು ಕಡಿಮೆ ಆಗ್ಬೋದು. ಕೋಲಾರಕ್ಕೆ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ, ಬರ ನಮಗೆ ಹೊಸದಲ್ಲ, ಈ ಬಾವಲಿಗೂ ಹೊಸದಲ್ಲ. ಗೂಬೆ ಒಂದು ಹಿಡೀತದೆ, ಹಾವು ಒಂದು ನುಂಗ್ತದೆ. ಹಿಂಗೇ ಮೇಲೆ ಕೆಳಗೆ ಆಡ್ಕೊಂಡು ಈ ಜಾತಿ ಸಾವಿರಾರು ವರ್ಷ ಬಂದಿದೆ, ಒಂದು ಗವೀಲಿ ಕಮ್ಮಿಯಾದ್ರೆ ಇನ್ನೊಂದು ಗವಿಯಿಂದ ಬಂದು ಸೇರ್ಕೊಳ್ಳೋವು.

ಆ ಇನ್ನೊಂದು ಗವಿ ಅನ್ನೋದೇ ಈಗ ಇಲ್ಲ. ಈ ಪ್ರಕರಣದ ತಿರುಳು ಇಷ್ಟೇ ಅಂತ ನನಗನ್ಸೋದು. ಊಟ ಕಡಿಮೆಯಾಗಿ, ಬೇಟೆಗಾರ ಜಾಸ್ತಿಯಾಗಿ ಕುಸಿದ ಸಂತತಿ ಅಲ್ಲ ಇದು, ಇರೋ ಮನೆ ಹೋಗಿ ಕುಸಿದಿದ್ದು. ಒಂದೇ ಮನೆ ಉಳಿದಾಗ ಮುಂಚೆ ತಡ್ಕೊಳ್ತಿದ್ದ ಬರ, ರೋಗ, ಹಾವು ಎಲ್ಲಾನೂ ಈಗ ಪ್ರಾಣಕ್ಕೆ ಬರ್ತವೆ. ಅಮೆರಿಕದಲ್ಲಿ 2006ರಲ್ಲಿ ನ್ಯೂಯಾರ್ಕ್ ಕಡೆಯ ಒಂದು ಗುಹೇಲಿ ಬಾವಲಿಗಳ ಮೂಗಿಗೆ ಬಿಳೀ ಬೂಷ್ಟು ಹಿಡಿದಿದ್ದು ಕಾಣಿಸ್ತು, ಚಳಿಗಾಲಕ್ಕೆ ನಿದ್ದೆ ಹೋಗೋ ಬಾವಲಿಗಳನ್ನ ಅದು ಲಕ್ಷಗಟ್ಟಲೆ ಕೊಂದು ಹಾಕ್ತು. ನಮ್ಮ ಕಡೆ ಆ ಥರ ಚಳಿಯೂ ಇಲ್ಲ ಆ ನಿದ್ದೆಯೂ ಇಲ್ಲ, ಆ ರೋಗಾನೇ ಬರ್ತದೆ ಅಂತ ಹೆದರಿಸೋಕೆ ಹೇಳ್ತಿಲ್ಲ. ಅಲ್ಲಿ ನೂರಾರು ಗುಹೆ ಇದ್ದಿದ್ದಕ್ಕೆ ಅಲ್ಲಲ್ಲಿ ಒಂದಿಷ್ಟು ಉಳ್ಕೊಂಡ್ವು. ಇಲ್ಲಿ ಇರೋದೇ ಒಂದು. ಇನ್ನೊಂದು ವಿಷಯ ಅಂದ್ರೆ ಇನ್ನೂರರೊಳಗೆ ಸಂಬಂಧದೊಳಗೇ ಸಂಬಂಧ ಬೆಳೀತಾ ಹೋಗ್ತದೆ, ತಲೆಮಾರಿಂದ ತಲೆಮಾರಿಗೆ ಗಟ್ಟಿತನ ಕುಗ್ತದೆ, ಇದು ಕಣ್ಣಿಗೆ ಕಾಣೋ ನಷ್ಟ ಅಲ್ಲ.

ಮನುಷ್ಯರ ಕಡೆಯಿಂದ ಆಗಿದ್ದು ಕಲ್ಲಿನ ಕೆಲಸ. ಇದನ್ನ ನಾನು ಸುಲಭವಾಗಿ ಬೈಯೋ ಹಂಗಿಲ್ಲ, ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕ್ವಾರೀಲಿ ಕುಳಿ ಹೊಡೆದೇ ಮಕ್ಕಳನ್ನ ಓದಿಸಿದ್ದು, ನಾನು ಟಿಸಿಎಚ್, ಅಂದ್ರೆ ಮೇಷ್ಟ್ರ ತರಬೇತಿ, ಮಾಡುವಾಗ ಹಾಸ್ಟೆಲ್ ಫೀಸು ಕಟ್ಟಿದ್ದು ಅದೇ ದುಡ್ಡಲ್ಲಿ. ಮೊದಲೆಲ್ಲಾ ಬಂಡೆ ಮೇಲೆ ಸೌದೆ ಹರಡಿ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸೋರು, ಉಳಿ ಸುತ್ತಿಗೇಲಿ ಸೈಜುಗಲ್ಲು, ಕಲ್ಲುಕಂಬ ತೆಗಿಯೋರು. ಅದ್ರಲ್ಲೂ ಹೊಗೆ ಸಂದಿಗೆ ಹೋಗ್ತಿತ್ತು, ಆದ್ರೆ ಒಂದು ಗುಡ್ಡ ಕರಗೋಕೆ ಒಂದು ಜೀವಮಾನ ಬೇಕಿತ್ತು. ಆಮೇಲೆ ಕಂಪ್ರೆಸರ್ ಟ್ರ್ಯಾಕ್ಟರ್ ಬಂತು, ಮದ್ದು ಬಂತು, ಕ್ರಷರ್ ಬಂತು, ಬೆಂಗಳೂರು ಬೆಳೀತು, ಅದಕ್ಕೆ ಜಲ್ಲಿ ಬೇಕಾಯ್ತು. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಕೇಳಿದೆ, ಚಿಕ್ಕಪ್ಪಾ, ಮದ್ದು ತುಂಬೋಕೆ ಮುಂಚೆ ಸಂದಲ್ಲಿ ಏನಾದ್ರೂ ಐತಾ ಅಂತ ನೋಡ್ತಿದ್ರಾ?

"ಹಾವು ಐತಾ ಅಂತ ನೋಡ್ತಿದ್ವಿ ಕಣಪ್ಪ. ಕಣ್ಕಪ್ಪಡೀನ ಯಾರು ನೋಡ್ತಾರೆ. ಕಂಪ್ರೆಸರ್ ಸದ್ದಿಗೇ ಎದ್ದು ಆಚೆ ಬಂದ್ಬಿಡೋವು. ಉರಿ ಬಿಸಿಲು, ಎತ್ತ ಹೋಗ್ಬೇಕು ಅಂತ ತಿಳೀದೆ ಅಲ್ಲಲ್ಲೇ ಸುತ್ತೋವು. ಕಾಗೆ ಹಿಡ್ಕೊಂಡು ಹೋಗೋವು, ಹದ್ದು ಹಿಡ್ಕೊಂಡು ಹೋಗೋವು. ಸಾಯಂಕಾಲ ನಾವು ಸಾಮಾನು ಕಟ್ಟೋ ಹೊತ್ತಿಗೆ ಒಂದಷ್ಟು ವಾಪಸ್ ಬಂದು ಗವಿ ಇದ್ದ ಜಾಗದಲ್ಲೇ ಗಾಳೀಲಿ ತಿರುಗ್ತಿದ್ವು, ಬಾಗಿಲು ಎಲ್ಲೋಯ್ತು ಅಂತ ಹುಡುಕ್ತವೇನೋ ಅನ್ಸೋದು."

ಇಷ್ಟು ಹೇಳಿ ಸುಮ್ಮನಾದ್ರು. ಗೂಬೆ ಹಿಡಿಯೋ ಲೆಕ್ಕ ಬೇರೆ, ಈ ಲೆಕ್ಕ ಬೇರೆ ಅಂತ ನನಗೆ ಅವತ್ತು ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯ್ತು. ಒಂದು ಗುಂಪು ಹತ್ತಾರು ವರ್ಷದಲ್ಲಿ ಒಂದೊಂದಾಗಿ ಕೂಡಿಟ್ಟ ಸಂತಾನ ಒಂದು ಮಧ್ಯಾಹ್ನಕ್ಕೆ ಬೀದಿಗೆ ಬಿದ್ಬಿಡ್ತದೆ, ಅದೂ ಮರಿ ಎದೇಲಿರೋ ತಿಂಗಳಾದ್ರೆ ತಾಯಿ ಮರಿ ಎರಡೂ ಹೋಗ್ತವೆ. ಗುಡ್ಡ ಪೂರ್ತಿ ಒಡೀಬೇಕು ಅಂತಾನೂ ಇಲ್ಲ, ಪಕ್ಕದಲ್ಲಿ ಬ್ಲಾಸ್ಟಿಂಗ್ ಆದ್ರೆ ಬಿರುಕು ಅಗಲ ಆಗಿ ಒಳಗೆ ಬಿಸಿಗಾಳಿ ಬೆಳಕು ನುಗ್ಗಿದ್ರೆ ಸಾಕು, ಆ ಗವಿ ಅವಕ್ಕೆ ಬರದಂಗಾಗ್ತದೆ.

ಹನುಮನಹಳ್ಳಿ ಸುತ್ತಾನೂ ಕಲ್ಲು ತೆಗೆಯೋ ಕೆಲಸ ನಡೀತಿತ್ತು, ಇರೋ ಒಂದೇ ಗವಿಗೂ ಅದೇ ಗತಿ ಬರೋದ್ರಲ್ಲಿತ್ತು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅನ್ನೋ ಬೆಂಗಳೂರಿನ ಸಂಸ್ಥೆಯವರು ಅರಣ್ಯ ಇಲಾಖೆ ಜೊತೆ ಸೇರಿ ಓಡಾಡಿದ್ರು, ಆ ಗವಿ ಪಕ್ಕದ ಕಲ್ಲು ಕೆಲಸ ನಿಲ್ತು, ಆ ಜಾಗವನ್ನ ಬಾವಲಿಗಂತ ಉಳಿಸೋ ಕೆಲಸ ಶುರುವಾಯ್ತು. ಇದು ಸಣ್ಣ ಗೆಲುವಲ್ಲ. ನಮ್ಮ ಜಿಲ್ಲೇಲಿ ಕಲ್ಲು ಅಂದ್ರೆ ದುಡ್ಡು, ದುಡ್ಡು ಬಿಟ್ಟು ಹತ್ತು ಗ್ರಾಂ ಪ್ರಾಣಿ ಪರ ಒಂದು ಸರ್ಕಾರಿ ಫೈಲು ಮುಂದಕ್ಕೆ ಹೋಗೋದು ಅಂದ್ರೆ ಅದ್ರ ಹಿಂದೆ ಯಾರೋ ಎಷ್ಟೋ ಸಲ ಆಫೀಸು ಮೆಟ್ಟಿಲು ಹತ್ತಿರ್ತಾರೆ. ಅದೇ ಗವೀಲಿ ದುರ್ಗಾದಾಸ್ ಎಲೆಮೂಗಿನ ಬಾವಲಿ ಅಂತ ಇನ್ನೊಂದು ಅಪರೂಪದ ಜಾತಿಯೂ ಇದೆ, ಅದಕ್ಕೂ ಇದ್ರಿಂದ ನೆಲೆ ಉಳೀತು.

ಕಾನೂನಿನ ಕಡೆಯಿಂದ ನೋಡಿದ್ರೆ ಬಾವಲಿಗಳ ಪಾಡು ಬಹಳ ಕಾಲ ಅನಾಥರದ್ದೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಗಳನ್ನ ಕಾಗೆ ಇಲಿ ಜೊತೆ ಪೀಡೆಗಳ ಪಟ್ಟಿಗೆ ಹಾಕಿದ್ರು, ಎಲ್ಲಕ್ಕಿಂತ ಬಿಗಿಯಾದ ಮೊದಲ ಶೆಡ್ಯೂಲಿನ ರಕ್ಷಣೆ ಬಹಳ ವರ್ಷ ಇದ್ದಿದ್ದು ಎರಡೇ ಎರಡು ಜಾತಿಗೆ, ಸಲೀಂ ಅಲಿ ಹಣ್ಣುಬಾವಲಿ ಒಂದು, ಬೆಳಗಾವಿ ಕಡೆಯ ಬಾರಾಪೆಡೆ ಗುಹೆಯ ರಾಟನ್ ಬಾವಲಿ ಇನ್ನೊಂದು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನೇ ಬದಲಾಯಿಸಿದ್ರು. ಆದ್ರೆ ಜನರ ಮನಸ್ಸಿನ ಪಟ್ಟಿ ಅಷ್ಟು ಬೇಗ ಬದಲಾಗಲ್ಲ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ, ಆಮೇಲೆ ಕೊರೊನಾ ಬಂದಾಗ, ಬಾವಲಿ ಇರೋ ಮರ ಕಡೀಬೇಕು ಗವಿ ಮುಚ್ಚಬೇಕು ಅಂತ ನಮ್ಮೂರಲ್ಲೂ ಮಾತು ಎದ್ದಿತ್ತು. ಕೇರಳದಲ್ಲಿ ನಿಪಾ ವೈರಸ್ ಸಿಕ್ಕಿದ್ದು ಹಣ್ಣು ತಿನ್ನೋ ದೊಡ್ಡ ಬಾವಲಿಗಳಲ್ಲಿ, ಹುಳ ತಿನ್ನೋ ಈ ಸಣ್ಣವೇ ಬೇರೆ. ಹಂಗಂತ ಯಾವ ಬಾವಲೀನೂ ಬರಿಗೈಲಿ ಮುಟ್ಟಬಾರದು, ಕಚ್ಚಿದ್ರೆ ಆಸ್ಪತ್ರೆಗೆ ಹೋಗಬೇಕು, ಇದನ್ನ ಮಕ್ಕಳಿಗೆ ನಾನು ಖಡಾಖಂಡಿತ ಹೇಳಿದೀನಿ. ಮುಟ್ಟಬೇಡಿ ಅನ್ನೋದಕ್ಕೂ ಸುಟ್ಟುಹಾಕಿ ಅನ್ನೋದಕ್ಕೂ ವ್ಯತ್ಯಾಸ ಇದೆ ಅಷ್ಟೆ. ಹೊಗೆ ಹಾಕಿ ಓಡಿಸಿದ್ರೆ ಗಾಬರಿಬಿದ್ದ ಬಾವಲಿ ಊರೊಳಗೇ ಬರ್ತವೆ, ಅದು ಇನ್ನೂ ಕೆಟ್ಟದ್ದು.

ಗವಿ ಉಳಿಸಿದ ತಕ್ಷಣ ಮುಗೀತಾ ಅಂದ್ರೆ ಇಲ್ಲ. ಹಗಲು ಮಲಗೋಕೆ ಗವಿ, ರಾತ್ರಿ ಉಣ್ಣೋಕೆ ಸುತ್ತಲಿನ ಹೊಲ, ಗುಂಡುತೋಪು, ಕೆರೆಯಂಗಳ, ಬೇಲಿಸಾಲು. ಈ ಜಾತಿಯ ಅಗಲ ರೆಕ್ಕೆಯ ಬಾವಲಿಗಳು ನಿಧಾನಕ್ಕೆ ಗಿಡಮರದ ಮಗ್ಗುಲಲ್ಲೇ ಹಾರಿ ಹುಳ ಹಿಡಿಯೋವು, ಬಟ್ಟಬಯಲು ದಾಟಿ ಬಹಳ ದೂರ ಹೋಗೋ ಪೈಕಿ ಅಲ್ಲ. ನಮ್ಮ ಜಿಲ್ಲೇಲಿ ಆ ಬೇಲಿಸಾಲು ತೋಪು ಹೋಗಿ ನೀಲಗಿರಿ ಬಂತು. ನೀಲಗಿರಿ ತೋಪೊಳಗೆ ರಾತ್ರಿ ಹೊತ್ತು ನಿಂತು ನೋಡಿ, ನಮ್ಮ ಹೊಂಗೆ, ಹುಣಸೆ ಮರದ ಕೆಳಗೆ ಕೇಳಿಸೋ ಹುಳದ ಸದ್ದು ಅಲ್ಲಿ ಕೇಳಿಸಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡ್ತು, ಅದು ನೀರಿನ ಕಾರಣಕ್ಕೆ, ಆದ್ರೂ ಬಾವಲಿಗೂ ಒಳ್ಳೇದೇ. ಇನ್ನು ಟೊಮ್ಯಾಟೊ. ಒಂದು ಬೆಳೆಗೆ ಎಷ್ಟು ಸಲ ಔಷಧಿ ಹೊಡೀತಾರೆ ಅಂತ ನಮ್ಮ ಕಡೆ ರೈತರಿಗೆ ನಾನು ಹೇಳಬೇಕಾಗಿಲ್ಲ. ಊಜಿ ನೊಣ, ಕಾಯಿಕೊರಕ ಅಂತ ಪೀಡೆಗಳನ್ನ ಹೆಸರು ಹಿಡಿದು ಹೇಳೋ ನಾವು ರಾತ್ರಿ ಹೊತ್ತು ಪತಂಗ ತಿಂದು ಕಾಯಿಕೊರಕದ ತಾಯಿಹುಳ ಕಡಿಮೆ ಮಾಡೋ ಪ್ರಾಣಿಗೆ ಒಂದು ಒಳ್ಳೆ ಹೆಸರಿಟ್ಟಿಲ್ಲ ನೋಡಿ. ಕಾಯಿ ಕೊರೆಯೋ ಹುಳದ ದೊಡ್ಡದು ಅಂದ್ರೆ ರಾತ್ರಿ ಹಾರೋ ಪತಂಗಾನೇ, ಅದು ಮೊಟ್ಟೆ ಇಡೋಕೆ ಬರೋ ಹೊತ್ತಿಗೇ ಬಾವಲಿ ಕೆಲಸಕ್ಕೆ ಇಳಿದಿರ್ತದೆ.

ಟ್ರೆಕ್ಕಿಂಗ್ ಬಗ್ಗೆ ಒಂದೇ ಮಾತು. ಅಂತರಗಂಗೆ ಬೆಟ್ಟಕ್ಕೆ ಶನಿವಾರ ರಾತ್ರಿ ಬೆಂಗಳೂರಿಂದ ಗುಂಪು ಗುಂಪು ಬರ್ತಾರೆ, ಗುಹೆ ಒಳಗೆ ನುಗ್ಗೋದೇ ಅವರಿಗೆ ಆಟ. ಬನ್ನಿ, ಬೆಟ್ಟ ಹತ್ತಿ, ಆದ್ರೆ ಬಾವಲಿ ವಾಸನೆ ಬಂದ ಸಂದಿನ ಬಾಗಿಲಲ್ಲೇ ನಿಂತು ವಾಪಸ್ ಬನ್ನಿ, ಟಾರ್ಚ್ ಬಿಟ್ಟು ಫೋಟೋ ತೆಗೀಬೇಡಿ, ಬಾಗಿಲಲ್ಲಿ ಬೆಂಕಿ ಹಾಕ್ಕೊಂಡು ಕೂರಬೇಡಿ. ಒಂದು ಸಲ ಎಬ್ಬಿಸಿದ್ರೆ ಎಳೇ ಮರಿ ತಾಯಿ ಎದೆಯಿಂದ ಕಳಚಿ ಬೀಳ್ತದೆ, ಕೆಳಗೆ ಬಿದ್ದ ಮರೀನ ಇರುವೆ ಬಿಡಲ್ಲ. ಹನುಮನಹಳ್ಳಿ ಗವಿ ಎಲ್ಲಿದೆ ಅಂತ ದಾರಿ ಬರೀದೆ ಇರೋದು ಅದಕ್ಕೇ, ಕೇಳಬೇಡಿ.

ನಮ್ಮೂರ ಗುಡ್ಡದಲ್ಲಿ ಈಗ ಮುಕ್ಕಾಲು ಭಾಗ ಹೊಂಡ, ಹೊಂಡದಲ್ಲಿ ಹಸಿರು ನೀರು. ಪಡುವಲ ಕಡೆ ಒಂದು ಮೂಲೆ ದೇವರ ಬಂಡೆ ಅಂತ ಬಿಟ್ಟಿದಾರೆ, ಅದ್ರ ಸಂದಲ್ಲಿ ಇನ್ನೂ ಕಣ್ಕಪ್ಪಡಿ ಇವೆ. ಕೋಲಾರದ್ದೇ ಆ ಅಪರೂಪದ ಜಾತಿ ಅಲ್ಲ, ಸಾಮಾನ್ಯದವೇ. ಹೋದ ತಿಂಗಳು ಎಂಟನೇ ಕ್ಲಾಸಿನ ಆರು ಮಕ್ಕಳನ್ನ ಅವರಪ್ಪ ಅಮ್ಮನ ಹತ್ರ ಕೇಳಿ ಕರ್ಕೊಂಡು ಹೋಗಿದ್ದೆ. ಎಣಿಸೋ ರೀತಿ ಸುಲಭ, ಯಾರೂ ಒಳಗೆ ಹೋಗೋದಿಲ್ಲ, ಬಾಗಿಲಿಂದ ದೂರ ಗಾಳಿಯ ಎದುರು ದಿಕ್ಕಿಗೆ ಕೂತು, ಆಕಾಶದ ಬೆಳಕಿಗೆ ಅಡ್ಡ ಬರೋ ಒಂದೊಂದು ನೆರಳಿಗೂ ಲೆಕ್ಕ ಹಾಕೋದು, ವಾಪಸ್ ಒಳಗೆ ಹೋದದ್ದನ್ನ ಕಳೆಯೋದು. ಫೋನ್ ಬೆಳಕು ಬೇಡ ಅಂತ ಹುಣಸೆ ಬೀಜ ತಂದಿದ್ವಿ. ಬಲಗಡೆ ಜೇಬಲ್ಲಿ ನೂರು ಬೀಜ ಎಣಿಸಿ ತುಂಬ್ಕೊಂಡು, ಒಂದು ಬಾವಲಿಗೆ ಒಂದು ಬೀಜ ಎಡಗಡೆ ಜೇಬಿಗೆ.

ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಒಂದು ಬಂತು, ಹೊರಗೆ ಒಂದು ಸುತ್ತು ಹಾಕಿ ಮತ್ತೆ ಒಳಗೆ ಹೋಯ್ತು. ಸಾರ್ ಇದನ್ನ ಎಣಿಸ್ಬೇಕಾ ಅಂತ ಮುಖ ಸಿಂಡರಿಸಿದ್ದ ಹುಡುಗನೇ ಪಿಸುಗುಟ್ಟಿದ. ಬೇಡ, ಹೋಗ್ಲಿ ಅಂದೆ. ಆಮೇಲೆ ಎರಡು, ಮೂರು, ಒಟ್ಟಿಗೆ ಏಳೆಂಟು, ಬೀಜ ಒಂದು ಜೇಬಿಂದ ಇನ್ನೊಂದಕ್ಕೆ ಹೋಗೋ ಸಣ್ಣ ಸದ್ದು ಬಿಟ್ರೆ ಯಾರೂ ಉಸಿರೆತ್ತಲಿಲ್ಲ. ಕತ್ತಲಾಗಿ ಏನೂ ಕಾಣದ ಹಂಗಾದಾಗ ಎದ್ವಿ. ಮನೆಗೆ ಬರೋ ದಾರೀಲಿ ಆ ಹುಡುಗ ಬಲಗಡೆ ಜೇಬಲ್ಲಿ ಉಳಿದ ಬೀಜಾನ ಕೈಯಲ್ಲಿ ಹಿಡ್ಕೊಂಡೇ ನಡೀತಿದ್ದ, ಬಿಸಾಕೋ ಅಂದ್ರೆ, ಬೇಡ ಸಾರ್ ಮುಂದಿನ ವರ್ಷಕ್ಕೆ ಬೇಕಾಗ್ತವೆ ಅಂದ.